ಟಾಕಿಗೆ ಮೂರು ತೂತು

ಕರೆಂಟ್ ಇತ್ತು. ಸ್ಟಾರ್ಟರ್ ಪೆಟ್ಟಿಗೆಯ ಮೇಲಿನ ಮೂರೂ ದೀಪ ಉರಿಯುತ್ತಿದ್ದವು. ಹಸಿರು ಗುಂಡಿ ಒತ್ತಿದರೆ ಒಳಗೆ ಏನೋ ಟಕ್ ಎಂದು ಹಿಡಿಯುತ್ತಿತ್ತು, ಆಂಪಿಯರ್ ಮುಳ್ಳು ಒಮ್ಮೆಗೇ ಬಲತುದಿಗೆ ಹೊಡೆಯುತ್ತಿತ್ತು, ಮರುಕ್ಷಣ ಎಲ್ಲವೂ ಬಿಟ್ಟುಹೋಗುತ್ತಿತ್ತು. ಬೋರಿನ ಕಡೆಯಿಂದ ಯಾವ ಸದ್ದೂ ಇಲ್ಲ. ಮತ್ತೊಮ್ಮೆ ಒತ್ತಲು ಕೈ ಎತ್ತಿದಾಗ ಹಿಂದೆ ನಿಂತಿದ್ದ ಚಿಗವ್ವ, "ಸಾಕು ಬಿಡ್ರಿ ಅಕ್ಕಾರ, ಸತ್ತಾಕಿನ್ನ ಎಷ್ಟ್ ಸಲ ಎಬ್ಬಸ್ತೀರಿ" ಎಂದಳು.

ಚಿಗವ್ವ ನನಗೆ ಸಂಬಂಧಿಕಳಲ್ಲ. ಶಿರಹಟ್ಟಿಯಿಂದ ಮುಂಡರಗಿಯ ಕಡೆ ಹೋಗುವಾಗ ರಸ್ತೆ ಬಿಟ್ಟು ಒಳಗೆ, ಕಪ್ಪತಗುಡ್ಡದ ಬುಡದ ಕೆಂಪುಮಣ್ಣಿನ ಮಸಾರಿ ಹೊಲದಲ್ಲಿ ಎರಡು ಖೋಲಿಯ ಒಂದು ಮನೆ ಇದೆ. ಗುಡ್ಡದಲ್ಲಿ ಮರ ಬೆಳೆಸುವ ನಮ್ಮ ಸಂಸ್ಥೆ ಆ ಮನೆಯನ್ನೂ ಹೊಲವನ್ನೂ ಲಾವಣಿಗೆ, ಎಂದರೆ ಗುತ್ತಿಗೆಗೆ, ಹಿಡಿದಿತ್ತು. ಅಲ್ಲಿ ವಾಸವಿದ್ದು ಸಸಿಗಳನ್ನು ನೋಡಿಕೊಳ್ಳುವ ಹೆಂಗಸು ಅವಳು. ನನ್ನ ತಾಯಿಗಿಂತ ಸ್ವಲ್ಪ ಚಿಕ್ಕವಳಾದ್ದರಿಂದ ನಾನು ಚಿಗವ್ವ ಎನ್ನುತ್ತಿದ್ದೆ. ಓದಿದವಳೆಂದು ಅವಳು ನನಗೆ ಅಕ್ಕಾರ ಎನ್ನುತ್ತಿದ್ದಳು. ನಾನು ಬೆಟಗೇರಿಯ ಮನೆಗೆ ಹೋಗುವುದು ವಾರದ ಕೊನೆಗೆ ಮಾತ್ರ. ಉಳಿದ ದಿನ ಎರಡನೆಯ ಖೋಲಿ ನನ್ನದು.

ಮನೆಯ ಹಿಂದೆ ಹಸಿರು ನೆರಳುಬಲೆಯ ಕೆಳಗೆ ದಿಂಡಗದ ಸಸಿಗಳಿದ್ದವು. ಬಿಸಿಲಿಗೆ ಜಗ್ಗದ ಮರ ಅದು, ಆದರೆ ಅದರ ಬೀಜ ಮೊಳೆಯುವುದು ಬಹಳ ಅಪರೂಪ. ಒಡೆದು ನೋಡಿದರೆ ಹೆಚ್ಚಿನವು ಪೊಳ್ಳು. ಗುಡ್ಡದ ಒಂದು ಮಗ್ಗಲು ಬೆಂಕಿಗೆ ಸಿಕ್ಕು ದೊಡ್ಡ ಮರಗಳು ಹೋದಮೇಲೆ, ಉಳಿದ ಕೆಲವು ಮರಗಳ ಬೀಜ ಆರಿಸಿ, ಮತ್ತೆ ಮತ್ತೆ ಬಿತ್ತಿ, ಎರಡು ವರ್ಷದಲ್ಲಿ ಹತ್ತು ಸಾಲು ಚೀಲ ಎಬ್ಬಿಸಿದ್ದೆವು. ಮಳೆ ಹಿಡಿದಾಗ ಅವು ಅದೇ ಮಗ್ಗಲಿಗೆ ಹೋಗಬೇಕು. ಅಲ್ಲಿಯವರೆಗೆ ಅವನ್ನು ಜೀವಂತ ಇಡುವುದು ನನ್ನ ಕೆಲಸ. ಚೀಲದಲ್ಲಿರುವ ಸಸಿಗೆ ಬೇರು ಇಳಿಸಲು ನೆಲವಿಲ್ಲ, ಬೇಸಿಗೆಯಲ್ಲಿ ನಾಲ್ಕು ದಿನ ನೀರು ತಪ್ಪಿದರೆ ಮುಗಿಯಿತು.

ಚಳಿಗಾಲದ ಕೊನೆಯಲ್ಲಿ ಅಲ್ಲಿನ ನೀರಿನ ವ್ಯವಸ್ಥೆಯನ್ನು ನಾನೇ ಹೊಸದಾಗಿ ಮಾಡಿಸಿದ್ದೆ. ಅದಕ್ಕೆ ಮೊದಲು ಕರೆಂಟ್ ಬಂದಾಗ ಮೋಟರ್ ಹಚ್ಚಿ, ಪೈಪು ಎಳೆದಾಡಿ ನೀರುಣಿಸಬೇಕಿತ್ತು. ನಾನು ಕಲ್ಲಿನ ಕಟ್ಟೆ ಕಟ್ಟಿಸಿ ಅದರ ಮೇಲೆ ದೊಡ್ಡ ಕಪ್ಪು ಪ್ಲಾಸ್ಟಿಕ್ ಟಾಕಿ ಇಡಿಸಿದೆ. ಟಾಕಿಯೊಳಗೆ ತೇಲುವ ಒಂದು ಸ್ವಿಚ್ಚು: ನೀರು ಇಳಿದರೆ ಅದು ಸ್ಟಾರ್ಟರಿಗೆ ಹೇಳುತ್ತದೆ, ಕರೆಂಟ್ ಇದ್ದರೆ ಮೋಟರು ತಾನೇ ಚಾಲೂ ಆಗುತ್ತದೆ. ಟಾಕಿಯ ತಳದಿಂದ ಒಂದೇ ಪೈಪು ಹೊರಟು ಮೂರಾಗಿ ಒಡೆಯುತ್ತಿತ್ತು. ಒಂದು ಸಸಿಗಳ ಹನಿ ನೀರಾವರಿಗೆ, ಒಂದು ಮನೆಯ ನಳಕ್ಕೆ, ಇನ್ನೊಂದು ಹೊಲದ ಅಂಚಿನ ಕಲ್ಲಬಾನಿಗೆ. ಬಾನಿ ಎಂದರೆ ದನ, ಕುರಿ ನೀರು ಕುಡಿಯುವ ಉದ್ದನೆಯ ಕಲ್ಲುತೊಟ್ಟಿ. ಹೊಲ ಕೊಡುವಾಗ ಮಾಲೀಕರು ಹಾಕಿದ ಷರತ್ತು ಅದೊಂದೇ: "ಏನರ ಮಾಡ್ಕೋರಿ, ಬಾನಿ ಮಾತ್ರ ಒಣಗಬಾರದು. ನಮ್ಮ ಮುತ್ಯಾನ ಕಾಲದಿಂದ ಒಣಗಿಲ್ಲ." ಬೇಸಿಗೆಯಲ್ಲಿ ಕುರಿಗಾರರು ಹಿಂಡು ಹೊಡೆದುಕೊಂಡು ಆ ದಾರಿಯಲ್ಲಿ ಹಾಯುತ್ತಾರೆ. ಬಾನಿಗೆ ಎಷ್ಟು ಬೇಕಾದೀತು ಎಂದು ಲೆಕ್ಕ ಹಾಕಿ, ಅದಕ್ಕೊಂದು ತಿರುವುವ ವಾಲು ಕೂಡಿಸಿ ಬಿಟ್ಟಿದ್ದೆ.

ಲಕ್ಷ್ಮೇಶ್ವರದಿಂದ ಮೋಟರ್ ಮಿಸ್ತ್ರಿ ಬಂದದ್ದು ಮರುದಿನ. ಐವತ್ತು ದಾಟಿದ, ಸದಾ ಎಲೆ ಅಡಿಕೆ ಹಾಕುವ ಮನುಷ್ಯ, ತನ್ನ ಕೆಲಸದ ಬಗ್ಗೆ ಅಲ್ಲದೆ ಉಳಿದ ಎಲ್ಲದರ ಬಗ್ಗೆಯೂ ಮಾತಾಡುವವರು. ಬೋರಿನ ಬಾಯಿಯ ಮೇಲೆ ಕಬ್ಬಿಣದ ಮುಕ್ಕಾಲಿ ನಿಲ್ಲಿಸಿ, ಗಡಗಡಿ ತೂಗಿಸಿ, ಹಗ್ಗದ ಇನ್ನೊಂದು ತುದಿಯನ್ನು ಟ್ರ್ಯಾಕ್ಟರಿಗೆ ಕಟ್ಟಿದರು. ಟ್ರ್ಯಾಕ್ಟರು ಹೊಲದಲ್ಲಿ ಮುಂದೆ ಹೋದಂತೆ ಪೈಪು ಮೇಲೆ ಬರುತ್ತದೆ. ಒಂದು ಉದ್ದ ಪೂರ್ತಿ ಬಂದಾಗ ಕೆಳಗಿನದನ್ನು ಪಟ್ಟಿಯಿಂದ ಬಿಗಿಹಿಡಿದು, ಮೇಲಿನದನ್ನು ಚೈನ್ ಪಾನಾದಿಂದ ತಿರುವಿ ಬಿಚ್ಚಬೇಕು. ಪಟ್ಟಿ ಜಾರಿದರೆ ಎಲ್ಲವೂ ಬೋರಿನ ಪಾಲು. ಒಂದೊಂದು ಪೈಪಿಗೂ ನಾನು ಪಟ್ಟಿಯ ಮೇಲಿನ ಕಣ್ಣು ಕೀಳದೆ ನಿಂತಿದ್ದೆ. ಮಿಸ್ತ್ರಿ ತಮ್ಮ ಅಳಿಯನ ಸೋಮಾರಿತನದ ಬಗ್ಗೆ ಚಿಗವ್ವನಿಗೆ ಹೇಳುತ್ತಲೇ ಇದ್ದರು.

ಕೊನೆಗೆ ಪಂಪು ಬಂತು. ಅದರ ಜಾಳಿಗೆಯಲ್ಲಿ ಕೆಂಪು ರಾಡಿ ಮೆತ್ತಿಕೊಂಡಿತ್ತು. ಮಿಸ್ತ್ರಿ ಬೆರಳಿನಿಂದ ತೆಗೆದು ತೋರಿಸಿದರು.

"ನೋಡ್ರಿ ಮೇಡಂ. ಇದು ನೀರು ಕುಡಿಯೂದು ಬಿಟ್ಟು ಬಾಳ ದಿನಾ ಆಗೈತಿ. ಮಣ್ಣು ತಿನ್ನಾಕತ್ತಿತ್ತು."

"ಬೋರಿನ್ಯಾಗ ನೀರು ಇದ್ವಲ್ರಿ ಚಾಚಾ?"

"ಇದ್ವು. ತಗದಂಗ ತಗದಂಗ ಬರಬೇಕಲ್ಲ? ಇದು ಬಿಟ್ಟೂ ಬಿಡದ ಎಳದೈತಿ. ಈ ಆಟೋ ಪೆಟಗಿ ಸುದ್ದೀನ ಹಿಂಗ, ಕೆಳಗ ಖಾಲಿ ಆದ್ರೂ ಹೊಡಿ ಅಂತ ಹೇಳತೈತಿ." ಎಲೆ ಉಗುಳಿ ಬಂದು, "ನಿಮಗ ಮಾರಿದಾಂವ ನಾನ ಇದ್ದೀನಿ, ಏನ್ ಮಾತಾಡಲಿ" ಎಂದರು.

ಸಸಿ, ಮನೆ, ಬಾನಿ ಮೂರನ್ನೂ ಕೂಡಿಸಿದರೂ ಒಂದು ಸಲ ತುಂಬಿದ ಟಾಕಿ ಒಂದು ದಿನ ಬರಬೇಕಿತ್ತು. ಮೋಟರು ಮತ್ತೆ ಮತ್ತೆ ಯಾಕೆ ಎಳೆಯಿತು, ನೀರು ಎಲ್ಲಿ ಹೋಯಿತು ಎಂಬುದು ನನಗೆ ಹೊಳೆಯಲಿಲ್ಲ. ಪೈಪಿನ ಜೋಡಣೆಗಳನ್ನೆಲ್ಲ ಕೈಯಿಂದ ಮುಟ್ಟಿ ನೋಡಿದೆ. ಎಲ್ಲವೂ ಒಣಗಿದ್ದವು.

ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತಿಸಲು ಮಿಸ್ತ್ರಿ ಅದನ್ನು ಒಯ್ದರು. ಫೋನ್ ಮಾಡಿದಾಗಲೆಲ್ಲ "ನಾಳಿ ಮೇಡಂ" ಎನ್ನುತ್ತಿದ್ದರು. ಒಮ್ಮೆ ನಾನೇ ಬಸ್ಸು ಹತ್ತಿ ಹೋದೆ. ಅಂಗಡಿಯ ಮುಂದೆ ಉದ್ದಕ್ಕೂ ಸುಟ್ಟ ಮೋಟರುಗಳು ಮಲಗಿದ್ದವು. ಎಲ್ಲಕ್ಕೂ ಕೆಂಪು ಅಥವಾ ಕಪ್ಪು ರಾಡಿ. ಯಾರದನ್ನು ಹಿಂದೆ ಸರಿಸಿ ನಮ್ಮದನ್ನು ಮೊದಲು ಮಾಡಿಕೊಡಿ ಎನ್ನಲು ನನಗೆ ಬಾಯಿ ಬರಲಿಲ್ಲ. ಸುಮ್ಮನೆ ಚಹಾ ಕುಡಿದು ತಿರುಗಿ ಬಂದೆ.

ಆ ದಿನಗಳಲ್ಲಿ ನಾನೂ ಚಿಗವ್ವನೂ ಪಕ್ಕದ ಹೊಲದವರ ಬೋರಿನಿಂದ ಕೊಡದಲ್ಲಿ ಹೊತ್ತು ತಂದು ಚೀಲಕ್ಕೆ ಅರ್ಧ ತಂಬಿಗೆಯಂತೆ ಹಾಕಿದೆವು. ಕಚೇರಿಗೆ ಫೋನ್ ಮಾಡಿ ಸಸಿಗಳನ್ನು ಬೇರೆ ಕಡೆ ಸಾಗಿಸಲಾದೀತೇ ಎಂದು ಕೇಳಿದೆ. ನೋಡೋಣ ಎಂದರು. ಟ್ಯಾಂಕರಿನವರನ್ನು ಕೇಳಿದೆ. ಊರುಗಳಿಗೆ ಕುಡಿಯಲು ಒಯ್ಯುವುದಕ್ಕೇ ಗಾಡಿ ಸಾಲುತ್ತಿಲ್ಲ ಎಂದರು. ಸಸಿಗಳ ಕೆಳಗಿನ ಎಲೆಗಳು ತಾಮ್ರದ ಬಣ್ಣಕ್ಕೆ ತಿರುಗಿ ಉದುರತೊಡಗಿದ್ದವು. ತುದಿ ಮಾತ್ರ ಹಸಿರಿತ್ತು.

ಮೋಟರು ಬಂದ ದಿನ ಅದನ್ನು ಮೊದಲಿಗಿಂತ ಒಂದು ಪೈಪು ಆಳಕ್ಕೆ ಇಳಿಸಿದೆವು. ಸ್ಟಾರ್ಟರಿನ ಪಕ್ಕ ಇನ್ನೊಂದು ಸಣ್ಣ ಪೆಟ್ಟಿಗೆ ಕೂಡಿಸಿದೆವು. ನೀರು ಕಡಿಮೆಯಾಗಿ ಮೋಟರು ಬರಿದೇ ತಿರುಗಿದರೆ ಆಂಪಿಯರ್ ಇಳಿಯುತ್ತದೆ. ಇಳಿದ ತಕ್ಷಣ ಆ ಪೆಟ್ಟಿಗೆ ಕರೆಂಟ್ ಕಡಿದು ಕೆಂಪು ದೀಪ ಹಚ್ಚುತ್ತದೆ. ಪೈಪಿನ ಬಾಯಿಂದ ಮೊದಲು ಗಾಳಿ, ಆಮೇಲೆ ಕೆಂಪು ನೀರು, ಆಮೇಲೆ ತಿಳಿನೀರು ಬಂತು. ಚಿಗವ್ವ ಪೈಪಿಗೆ ಅರಿಷಿಣ ಕುಂಕುಮ ಹಚ್ಚಿದಳು. ಸಂಜೆ ಟಾಕಿ ತುಂಬಿ, ನಾನು ಎಷ್ಟೋ ದಿನಗಳ ಮೇಲೆ ಸರಿಯಾಗಿ ಊಟ ಮಾಡಿದೆ.

ಬೆಳಿಗ್ಗೆ ಎದ್ದು ನೋಡಿದರೆ ಟಾಕಿ ಖಾಲಿ. ಕೆಂಪು ದೀಪ ಉರಿಯುತ್ತಿತ್ತು.

ಅದರ ಮಾರನೆಯ ನಸುಕಿನಲ್ಲಿ ನಾನು ಟಾಕಿಯ ಕಟ್ಟೆಯ ಮೇಲೆ ಹೋಗಿ ಕುಳಿತೆ. ಬೆಳಕು ಹರಿಯುವ ಹೊತ್ತಿಗೆ ಒಂದು ಹಿಂಡು ಬಂತು. ಕಂಬಳಿ ಹೊದ್ದ ಕುರಿಗಾರ ವಾಲು ತಿರುವಿ ಬಾನಿ ತುಂಬಿಸಿದ. ಕುರಿಗಳು ಸರದಿಯಂತೆ ಬಾಯಿ ಹಾಕಿ ಕುಡಿದವು. ಕುಡಿದಾದಮೇಲೆ ಅವನು ವಾಲನ್ನು ಪೂರ್ತಿ ಬಂದ್ ಮಾಡದೆ, ಕಿರುಬೆರಳ ದಪ್ಪ ನೀರು ಬೀಳುವಂತೆ ಬಿಟ್ಟು, ಹಿಂಡಿನ ಹಿಂದೆ ನಡೆದ. ನಾನು ಇಳಿದು ಓಡಿದೆ.

"ಕಾಕಾ, ನೀರು ಹಂಗ ಬಿಟ್ಟು ಹೊಂಟೀರಲ್ಲ."

ಅವನು ನಿಂತು, ನಾನು ಯಾರೆಂದು ಒಂದು ಗಳಿಗೆ ನೋಡಿದ. "ಹೌದ್ರಿ ಬಾಯಾರ. ಹಿಂದ ನಮ್ಮಣ್ಣನ ಹಿಂಡು ಬರಾಕತ್ತೈತಿ. ಬರಿ ಬಾನಿ ಬಿಟ್ಟು ಹೋದ್ರ ಹ್ಯಾಂಗ್ರಿ?"

"ತುಂಬಿದ ಮ್ಯಾಲ ಬಂದ್ ಮಾಡಬಹುದಲ್ರಿ."

"ತುಂಬಿ ನಿಂದರಂಗಿಲ್ರಿ ಇದು. ತಳಾ ಸೀಳೈತಿ. ಸಣ್ಣಗ ಬಿಟ್ಟು ಹೋದ್ರ ಬರಾವ್ರು ಬರೂತನಕ ಅಷ್ಟೋ ಇಷ್ಟೋ ಇರತೈತಿ. ನಮಗೂ ಹಂಗ ಬಿಟ್ಟು ಹೋಗಿರತಾರ."

ಮನೆಗೆ ಬಂದು ಚಿಗವ್ವನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಕುಡಿಸಿದಾವ್ರು ತುಂಬಿಸಿ ಹೋಗಬೇಕ್ರಿ. ಅದು ಯಾರಿಗೆ ಗೊತ್ತಿಲ್ಲ?"

ನನಗೆ ಗೊತ್ತಿರಲಿಲ್ಲ. ಮೊದಲು ಬಾನಿಗೆ ನೀರು ನೇರ ಬೋರಿನಿಂದ ಬರುತ್ತಿತ್ತು. ಕರೆಂಟ್ ಹೋದರೆ ಹಾಗೆ ಬಿಟ್ಟುಹೋದ ನೀರೂ ತಾನಾಗಿ ನಿಲ್ಲುತ್ತಿತ್ತು. ಈಗ ಟಾಕಿಯಿಂದ ಹಗಲೂ ರಾತ್ರಿ ಹರಿದು, ಬಾನಿಯ ಸೀಳಿನಲ್ಲಿ ಇಳಿದು, ಮಸಾರಿ ನೆಲ ಅದನ್ನು ಕುಡಿಯುತ್ತಿತ್ತು. ಟಾಕಿ ಇಳಿದಂತೆಲ್ಲ ಸ್ವಿಚ್ಚು ಮೋಟರನ್ನು ಕರೆಯುತ್ತಿತ್ತು. ಅವರ ಪದ್ಧತಿಯಲ್ಲೂ ತಪ್ಪಿರಲಿಲ್ಲ, ನನ್ನ ಜೋಡಣೆಯಲ್ಲೂ ಇರಲಿಲ್ಲ. ಎರಡೂ ಕೂಡಿದಾಗ ಮೋಟರು ಸುಟ್ಟಿತು. ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯದೆ ನಾನು ಅವಳು ಕೊಟ್ಟ ರೊಟ್ಟಿ ತಿಂದೆ.

ಬಾನಿಯ ಸೀಳು ಮುಚ್ಚುವುದು ಕಷ್ಟದ ಕೆಲಸವಲ್ಲ. ಸೀಳನ್ನು ಉಳಿಯಿಂದ ಅಗಲ ಮಾಡಿ, ತೊಳೆದು, ಸಣ್ಣ ಉಸುಕು ಸಿಮೆಂಟು ಕಲಸಿ ತುಂಬಿ, ಮೇಲೆ ಹಸಿ ಗೋಣಿಚೀಲ ಹಾಸಿದೆವು. ಅದು ಗಟ್ಟಿಯಾಗುವವರೆಗೆ ಬಂದ ಹಿಂಡುಗಳಿಗೆ ಚಿಗವ್ವ ಬೋಗುಣಿಯಲ್ಲಿ, ಬಕೆಟ್ಟಿನಲ್ಲಿ, ತನ್ನ ಸ್ನಾನದ ಕೊಪ್ಪರಿಗೆಯಲ್ಲಿ ನೀರಿಟ್ಟಳು. ಆಮೇಲೆ ಬಾನಿ ತುಂಬಿ ನಿಂತಿತು. ವಾಲು ಪೂರ್ತಿ ಬಂದ್ ಆಯಿತು. ಟಾಕಿ ಒಂದು ದಿನಕ್ಕಿಂತ ಹೆಚ್ಚು ಬಂತು. ಸಸಿಗಳ ತುದಿಯಲ್ಲಿ ಉಗುರಿನಷ್ಟು ಹೊಸ ಎಲೆ ಒಡೆದವು. ಕಚೇರಿಗೆ ಫೋನ್ ಮಾಡಿ, ರಿಪೇರಿ ಮುಗಿಯಿತು ಎಂದು ಹೇಳಿದೆ.

ಗುಡ್ಡದ ಬುಡದಲ್ಲಿ ಸೋರದ ಬಾನಿಯೊಂದಿದೆ ಎಂಬ ಖಬರ ಕುರಿಗಾರರಲ್ಲಿ ಎಷ್ಟು ಬೇಗ ಹರಡೀತು ಎಂದು ನಾನು ಯೋಚಿಸಿರಲಿಲ್ಲ. ಸುತ್ತಲಿನ ಹೊಲಗಳ ಬೋರು ಒಂದೊಂದಾಗಿ ನಿಲ್ಲುತ್ತಿದ್ದವು. ನಾವು ನೀರು ಹೊತ್ತು ತಂದಿದ್ದ ಪಕ್ಕದ ಹೊಲದ್ದೂ ನಿಂತಿತು. ಯಳವತ್ತಿಯ ಕಡೆ ಕಪ್ಪುಮಣ್ಣಿನ ಎರಿ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದವರೂ ನೀರಿಗೆ ಈ ದಾರಿ ಹಿಡಿದರು. ನಸುಕಿನಿಂದ ಹೊತ್ತು ಮುಳುಗುವವರೆಗೆ ಒಂದರ ಹಿಂದೆ ಒಂದು ಹಿಂಡು. ಎಲ್ಲರೂ ಕುಡಿಸಿ, ತುಂಬಿಸಿ, ವಾಲು ಬಂದ್ ಮಾಡಿ, ನನಗೆ ಕೈಮುಗಿದು ಹೋಗುತ್ತಿದ್ದರು. ಬೋರಿನ ಕೆಂಪು ದೀಪ ದಿನದಿನಕ್ಕೂ ಬೇಗ ಹತ್ತತೊಡಗಿತು. ನೀರು ಊರಿಬರಲು ಬಿಟ್ಟು, ಕಾದು, ಮತ್ತೆ ಹಚ್ಚಿದರೆ ಸ್ವಲ್ಪ ಹೊತ್ತು ಹೊಡೆದು ಮತ್ತೆ ನಿಲ್ಲುತ್ತಿತ್ತು. ಸೋರುವ ಜಾಗವಿದ್ದರೆ ಹುಡುಕಿ ಮುಚ್ಚಬಹುದಿತ್ತು. ಈಗ ಯಾವುದೂ ಸೋರುತ್ತಿರಲಿಲ್ಲ.

ಒಂದು ಮಧ್ಯಾಹ್ನ ನಾನು ಬಾನಿಯ ವಾಲಿಗೆ ತಂತಿ ಸುತ್ತಿ ಇಕ್ಕಳದಿಂದ ಬಿಗಿದೆ. ಬಾನಿಯಲ್ಲಿದ್ದ ನೀರನ್ನು ಮೊದಲ ಹಿಂಡು ಮುಗಿಸಿತು. ಎರಡನೆಯ ಹಿಂಡು ಬಂದಾಗ ಬರಿ ಕಲ್ಲು. ಕುರಿಗಳು ಕದಲಲಿಲ್ಲ. ಬಾನಿಯ ಸುತ್ತ ಒತ್ತಿಕೊಂಡು, ತಲೆ ತಗ್ಗಿಸಿ, ಒಂದರ ಹೊಟ್ಟೆಯ ನೆರಳಲ್ಲಿ ಇನ್ನೊಂದು ಮುಖ ಇಟ್ಟು ನಿಂತವು. ಅದು ಮೊದಲು ನಾನು ಮಾತಾಡಿಸಿದ್ದ ಕುರಿಗಾರನ ಹಿಂಡು. ಅವನು ತಂತಿಯನ್ನು ನೋಡಿದ, ನೆರಳುಬಲೆಯ ಕೆಳಗಿನ ಸಸಿಗಳನ್ನು ನೋಡಿದ.

"ಇವು ಯಾವ ಗಿಡಾರಿ?"

"ದಿಂಡಗ."

"ಹಂಗಾದ್ರ ಗುಡ್ಡದ್ದು." ಹತ್ತಿರದ ಕುರಿಯ ಬೆನ್ನು ತಟ್ಟಿ, "ನಮ್ಮವು ತಿನ್ನೂದು ಅದನ್ನ ರೀ. ಅದೂ ಬೇಕು ಬಿಡ್ರಿ" ಎಂದ. ಸಿಟ್ಟಿರಲಿಲ್ಲ. ಹಿಂಡನ್ನು ಎಬ್ಬಿಸಲು ಅವನು ಬಹಳ ಹೊತ್ತು ಬಾಯಿಂದ ಸದ್ದು ಮಾಡಬೇಕಾಯಿತು.

ಅಷ್ಟರಲ್ಲಿ ಚಿಗವ್ವ ಮನೆಯ ಕೊಡ ಹೊತ್ತು ತಂದಳು. ನನ್ನ ಕಡೆ ನೋಡದೆ ಬಾನಿಗೆ ಸುರಿದಳು. ಇನ್ನೊಂದು ತಂದಳು. ಕುಡಿಯಲು ಇಟ್ಟಿದ್ದ ಹರಿವಿಯನ್ನೂ ತಂದು ಬರಿದು ಮಾಡಿದಳು. ಸಂಜೆ ನಾನು ತಂತಿ ಬಿಚ್ಚಿದೆ.

ಆ ರಾತ್ರಿ ಮಲಗುವ ಮೊದಲು ನನಗೆ ಒಂದು ಸಂಗತಿ ಸ್ಪಷ್ಟವಾಯಿತು. ಬಾನಿ ಒಣಗಿದರೆ ಚಿಗವ್ವ ಮನೆಯ ನೀರು ಸುರಿಯುತ್ತಾಳೆ. ಮನೆಗೆ ನೀರಿಲ್ಲದಿದ್ದರೆ ಅವಳು ಅಲ್ಲಿ ಇರಲಾರಳು. ಅವಳು ಇರದಿದ್ದರೆ ಸಸಿಗಳು ಹೇಗೂ ಇಲ್ಲ. ದಿನವೂ ವಾಲಿನ ಮುಂದೆ ನಿಂತು ಯಾರಿಗೆ ಎಷ್ಟು ಎಂದು ತೀರ್ಮಾನ ಮಾಡುವ ಶಕ್ತಿ ನನಗೆ ಇರಲಿಲ್ಲ. ಹಾಗಾಗಿ ಒಂದೇ ಸಲ ಮಾಡಿಬಿಡುವ ಉಪಾಯ ಹುಡುಕಿದೆ.

ಮಿಸ್ತ್ರಿಯನ್ನು ಮತ್ತೆ ಕರೆಸಿದೆ. ತಳದ ಒಂದೇ ಪೈಪಿನಿಂದ ಮೂರು ಕವಲು ತೆಗೆಯುವ ಬದಲು ಅದನ್ನು ಮುಚ್ಚಿ, ಟಾಕಿಗೆ ಮೂರು ಎತ್ತರದಲ್ಲಿ ಮೂರು ತೂತು. ಎಲ್ಲಕ್ಕೂ ಕೆಳಗಿನದು ಬಾನಿಗೆ. ಅದಕ್ಕಿಂತ ಎರಡು ಗೇಣು ಮೇಲಿನದು ಮನೆಗೆ. ಅದಕ್ಕೂ ಮೇಲಿನದು ಸಸಿಗಳಿಗೆ. ನೀರು ಎಷ್ಟು ಎತ್ತರ ನಿಲ್ಲುತ್ತದೋ ಅಷ್ಟರವರೆಗಿನ ತೂತಿಗೆ ಸಿಗುತ್ತದೆ.

ಮಿಸ್ತ್ರಿ ಸೀಮೆಸುಣ್ಣದ ಗುರುತು ನೋಡಿ, "ಉಲ್ಟಾ ಹಾಕೀರಿ ಮೇಡಂ" ಎಂದರು. "ಗಿಡಾ ಕೆಳಗ ಬರಬೇಕಲ್ಲ? ನಿಮ್ಮ ಗಿಡಕ್ಕಂತನ ಇದೆಲ್ಲಾ ಮಾಡಿದ್ದು."

"ಇಲ್ರಿ, ಸರಿ ಐತಿ."

"ಟಾಕಿ ತುಂಬಿದಾಗಷ್ಟ ಹೋಗತೈತಿ ನೋಡ್ರಿ ಅವಕ್ಕ."

"ಗೊತ್ತೈತ್ರಿ."

ಪ್ಲಾಸ್ಟಿಕ್ ಟಾಕಿಗೆ ತೂತು ಕೊರೆದ ಮೇಲೆ ಪೈಪು ಸೇರಿಸುವ ನಿಪ್ಪಲ್ ಕೂಡಿಸುವಾಗ ಒಬ್ಬರು ಒಳಗಿಳಿದು ನಟ್ಟು ಹಿಡಿಯಬೇಕು, ಇಲ್ಲದಿದ್ದರೆ ಹೊರಗಿನಿಂದ ಎಷ್ಟು ತಿರುವಿದರೂ ಒಳಗೂ ತಿರುಗುತ್ತದೆ. ಮಿಸ್ತ್ರಿಯ ಹೊಟ್ಟೆ ಟಾಕಿಯ ಬಾಯಲ್ಲಿ ಹಿಡಿಯುವಂತಿರಲಿಲ್ಲ. ನಾನು ದುಪ್ಪಟ್ಟಾ ತೆಗೆದಿಟ್ಟು ಇಳಿದೆ. ಒಳಗೆ ಉಸಿರು ಕಟ್ಟುವ ಕಾವು. ತಳದಲ್ಲಿ ಪಾದ ಮುಳುಗುವಷ್ಟು ಕೆಂಪು ಗಸಿ. ಕೊರೆದ ಮೂರು ತೂತುಗಳಿಂದ ಮೂರು ಬಿಸಿಲುಕೋಲು ಒಳಗೆ ಬಿದ್ದಿದ್ದವು. ಹೊರಗಿನವರ ಮಾತು ಒಳಗೆ ದೊಡ್ಡದಾಗಿ ಕೇಳುತ್ತಿತ್ತು.

"ಒಳಗ ಅಳಾಕತ್ತಾರೇನ್ರಿ?" ಚಿಗವ್ವನ ದನಿ.

"ಇಲ್ಲವ್ವ, ಪಾನಾ ಹಿಡಕೊಂಡಾರ."

"ಎರಡೂ ಮಾಡಾಕ ಬರತೈತ್ರಿ ಹೆಣ್ಮಕ್ಕಳಿಗೆ."

"ನಮ್ಮ ಅಳಿಯಾಗ ಒಂದೂ ಬರಂಗಿಲ್ಲ ನೋಡು."

ನಾನು ಅಳುತ್ತಿರಲಿಲ್ಲ. ಮೇಲಿನ ತೂತಿನ ನಟ್ಟು ನನ್ನ ಭುಜದ ಎತ್ತರಕ್ಕಿತ್ತು. ಅದನ್ನು ಹಿಡಿಯಲು ಕೈ ಎತ್ತಿದಾಗ, ಅಲ್ಲಿಯವರೆಗೆ ನೀರು ಬರುವ ದಿನ ಎಷ್ಟು ಇದ್ದಾವು ಎಂದು ಲೆಕ್ಕ ಹಾಕದಿರಲು ಪ್ರಯತ್ನಿಸಿದೆ. ಹೊರಗಿನಿಂದ ಮಿಸ್ತ್ರಿ ಕೇಳಿದರು, "ಬಿಗಿ ಮಾಡಲೇನ್ರಿ ಮೇಡಂ?" ಮಾಡ್ರಿ ಎಂದೆ. ರಬ್ಬರಿನ ಬಳೆ ಕಿರುಗುಟ್ಟಿ ಕೂತುಕೊಂಡಿತು.

ವ್ಯವಸ್ಥೆ ಸರಿಯಾಗಿ ಕೆಲಸ ಮಾಡಿತು. ಬಾನಿ ಒಂದು ದಿನವೂ ಒಣಗಲಿಲ್ಲ. ಮನೆಯ ನಳ ಬೆಳಿಗ್ಗೆ ಹೊತ್ತು ಬರುತ್ತಿತ್ತು. ನಾನು ದಿನಾ ಸಂಜೆ ಟಾಕಿಯ ಮೈಗೆ ಬೆರಳಿನ ಗಂಟಿನಿಂದ ಬಡಿಯುತ್ತ ಮೇಲಕ್ಕೆ ಹೋಗುತ್ತಿದ್ದೆ. ನೀರಿರುವವರೆಗೆ ಮಂದ ಸದ್ದು, ಆಮೇಲೆ ಡೊಳ್ಳು. ಮೇಲಿನ ತೂತು ತಲುಪುವ ಮೊದಲೇ ಸದ್ದು ಬದಲಾಗುತ್ತಿತ್ತು. ಕೆಲವು ಸಂಜೆ ಮಾತ್ರ ನೀರು ಅಲ್ಲಿಯವರೆಗೆ ಬಂದು, ಒಂದು ಬೆರಳು ಮೇಲೇರಿ, ಹನಿ ಪೈಪಿನಲ್ಲಿ ಇಳಿಯುತ್ತಿತ್ತು. ಅಷ್ಟು ನೀರು ಟಾಕಿಯ ಮಗ್ಗಲಿನ ಮೊದಲ ಸಾಲನ್ನು ಮುಟ್ಟಿ ಮುಗಿಯುತ್ತಿತ್ತು. ಪಾತ್ರೆ ತೊಳೆದ ನೀರನ್ನು ಎರಡನೆಯ ಸಾಲಿಗೆ ಹಾಕಿದೆವು. ಸಾಬೂನಿನ ನೀರು, ಅದು ಅವಕ್ಕೆ ಆಗಲಿಲ್ಲ. ಉಗುರಿನಿಂದ ಕಾಂಡ ಗೀರಿ ಹಸಿರು ಇದೆಯೇ ಎಂದು ನೋಡುತ್ತ ಹೋಗುವುದನ್ನು ಒಂದು ದಿನ ನಿಲ್ಲಿಸಿದೆ. ಗೀರಿದ ಗಾಯವೇ ಅವಕ್ಕೆ ಭಾರ ಎನಿಸಿತು.

ಮಳೆ ಬಂತು, ತಡವಾಗಿ. ಬಂದಮೇಲೆ ಚೆನ್ನಾಗಿಯೇ ಬಂತು. ಹಿಂಡುಗಳು ಆ ದಾರಿ ಬಿಟ್ಟವು, ಅವಕ್ಕೆ ಈಗ ಎಲ್ಲ ಕಡೆ ನೀರು. ಒಣಗಿದ ಸಸಿಗಳ ಬುಡದಿಂದ ಚಿಗುರು ಬಂದರೂ ಬರಬಹುದೆಂದು ಚೀಲಗಳನ್ನು ಮಳೆಗೆ ಬಿಟ್ಟು ಕಾದೆ. ಚಿಗವ್ವ ಒಂದೆರಡು ಸಲ, "ಇನ್ನ ತಗಿಯೂಣೇನ್ರಿ ಅಕ್ಕಾರ?" ಎಂದು ಕೇಳಿದಳು, ಆಮೇಲೆ ಕೇಳುವುದನ್ನು ಬಿಟ್ಟಳು. ಚೀಲಗಳಲ್ಲಿ ಹುಲ್ಲು ಬೆಳೆಯಿತು.

ಗದಗದ ಕಚೇರಿಯಿಂದ ಫೋನ್ ಬಂದಾಗ ನಾವಿಬ್ಬರೂ ಮೊದಲ ಸಾಲಿನ ಚೀಲಗಳನ್ನು ಟ್ರೇಗಳಿಗೆ ಜೋಡಿಸುತ್ತಿದ್ದೆವು. ನಮ್ಮ ಕೆಲಸ ನೋಡಿಕೊಳ್ಳುವ ಸಂಯೋಜಕರು.

"ಮೋಟರ್ ಆತು, ಬಾನಿ ಆತು, ಟಾಕಿನೂ ಸರಿ ಮಾಡಿಸೀನಿ ಅಂದ್ರಿ. ಗುಡ್ಡಕ್ಕ ಎಷ್ಟು ಸಸಿ ಬರತಾವ್ರಿ?"

"ಒಂದು ಸಾಲು."

"ಹತ್ತು ಸಾಲು ಇದ್ವಲ್ರಿ?"

"ಉಳದವಕ್ಕ ನೀರು ಮುಟ್ಟಲಿಲ್ರಿ. ಅವುಗಳ ತೂತು ಟಾಕಿಯೊಳಗ ಎಲ್ಲಾಕಿಂತ ಮ್ಯಾಲಿತ್ತು."

ಅವರು ಗದರುವ ದನಿಯಲ್ಲಲ್ಲ, ತಿಳಿದುಕೊಳ್ಳುವ ದನಿಯಲ್ಲೇ ಕೇಳಿದರು.

"ಅಷ್ಟು ಮ್ಯಾಲ ಇಟ್ಟಾವ್ರು ಯಾರ್ರಿ?"

"ನಾನ ರೀ" ಎಂದೆ.